ಅಕ್ಕ ಕೂತು ನೋಡದ ನೆಲ

ಟೈಲ್ಸ್ ಅಂಗಡಿಗೆ ನಾನು ನಮ್ಮಕ್ಕನನ್ನು ಕರೆದುಕೊಂಡು ಹೋಗಲಿಲ್ಲ. ಇದೂ ಒಂದು ತಪ್ಪೇ ಎಂದು ನೀವು ಕೇಳಬಹುದು. ಜನ ಇದಕ್ಕಿಂತ ದೊಡ್ಡ ದೊಡ್ಡ ತಪ್ಪು ಮಾಡಿಯೂ ಕಾರಿನಲ್ಲಿ ಓಡಾಡಿಕೊಂಡಿದ್ದಾರೆ. ಆದರೆ ಬೇರೆಯವರ ತಪ್ಪು ಕಾಲ ಕಳೆದ ಹಾಗೆ ಮಾಸುತ್ತದೆ. ನನ್ನ ತಪ್ಪನ್ನು ನಾನೇ ದಿನಾ ಬೆಳಗ್ಗೆ ಫಿನಾಯಿಲ್ ಹಾಕಿ ಒರೆಸಿ ಇನ್ನಷ್ಟು ಹೊಳೆಯುವ ಹಾಗೆ ಮಾಡುತ್ತಿದ್ದೆ.

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಮಾತು ಎಲ್ಲಿಂದ ಎಲ್ಲಿಗೋ ಹೋದರೆ ನೀವೇ ಸ್ವಲ್ಪ ಕೈಹಿಡಿದು ವಾಪಸು ಕರೆತನ್ನಿ. ಗುಂಡ್ಲುಪೇಟೆಯ ನಮ್ಮ ಮನೆಯಲ್ಲಿರುವುದು ನಾವಿಬ್ಬರೇ, ಅಕ್ಕ ಮತ್ತು ನಾನು. ಅಕ್ಕನಿಗೆ ಮದುವೆಯಾಗಲಿಲ್ಲ, ನನಗೆ ಆದದ್ದು ನಿಲ್ಲಲಿಲ್ಲ. ಎರಡರ ಬಗ್ಗೆಯೂ ನಮ್ಮ ಬೀದಿಯವರು ಮಾತಾಡಿ ಮುಗಿಸಿದ್ದಾರೆ, ನಾನು ಮತ್ತೆ ಶುರುಮಾಡುವುದಿಲ್ಲ. ಬದನಗುಪ್ಪೆಯ ಒಂದು ಫ್ಯಾಕ್ಟರಿಯ ಪ್ಯಾಕಿಂಗ್ ವಿಭಾಗದಲ್ಲಿ ನನಗೆ ಕೆಲಸ. ಅಲ್ಲಿ ಶಿಫ್ಟು ಮುಗಿಯುವ ತನಕ ನಿಂತೇ ಇರಬೇಕು. ಅಕ್ಕ ಹೂ ಕಟ್ಟುತ್ತಾಳೆ. ಬೆಳಗ್ಗೆ ಹೂವಿನ ವ್ಯಾಪಾರಿ ಬುಟ್ಟಿ ಇಳಿಸಿ ಹೋದರೆ, ನೆಲದ ಮೇಲೆ ಮೊಗ್ಗು ಹರಡಿಕೊಂಡು ಕೂತವಳು ಸಂಜೆ ನಾನು ಬರುವ ಹೊತ್ತಿಗೂ ಅಲ್ಲೇ ಇರುತ್ತಾಳೆ. ನಿಂತು ದುಡಿಯುವವಳು ನಾನು, ಕೂತು ದುಡಿಯುವವಳು ಅವಳು.

ಸಂಜೆ ಕೈಕಾಲು ತೊಳೆದು, ಟೀ ಲೋಟ ಹಿಡಿದು, ಅವಳ ಎದುರು ಗೋಡೆಗೆ ಒರಗಿ ನಾನೂ ಕೂರುತ್ತೇನೆ. ಅವಳು ಹೂ ಕಟ್ಟುವುದು, ನಾನು ಸೂಪರ್‌ವೈಸರನ್ನು ಬೈಯುವುದು. ಅವನ ಮುಖವನ್ನೇ ನೋಡದ ಅಕ್ಕ ನನಗಿಂತ ಚೆನ್ನಾಗಿ ಬೈಯುತ್ತಾಳೆ. ದಿನದಲ್ಲಿ ನನಗೆ ರುಚಿಸುವ ಹೊತ್ತು ಅದೊಂದೇ.

ಅಕ್ಕನಿಗೆ ಒಂದು ಚಾಳಿಯಿದೆ. ಹೊಸ ಮನೆಗೆ ಹೋದವರು ಸಾಮಾನ್ಯವಾಗಿ ಗೋಡೆಯ ಬಣ್ಣ ನೋಡುತ್ತಾರೆ, ಅಡುಗೆಮನೆಯ ಕಪಾಟುಗಳನ್ನು ತೆಗೆದು ಮುಚ್ಚುತ್ತಾರೆ, ಬಚ್ಚಲಿನ ನಲ್ಲಿ ತಿರುಗಿಸಿ ನೋಡುತ್ತಾರೆ. ಅಕ್ಕ ಸೀದಾ ಹೋಗಿ ನೆಲದ ಮೇಲೆ ಕೂರುತ್ತಾಳೆ. ಅಂಗೈಯಿಂದ ಅತ್ತಿತ್ತ ಸವರುತ್ತಾಳೆ, ಕಾಲು ನೀಡುತ್ತಾಳೆ, ಮಡಚುತ್ತಾಳೆ, ಆಮೇಲೆ ತೀರ್ಪು ಕೊಡುತ್ತಾಳೆ. ನಮ್ಮ ಚಿಕ್ಕಪ್ಪನ ಮಗ ಮನೆ ಕಟ್ಟಿಸಿ ಗೃಹಪ್ರವೇಶಕ್ಕೆ ಕರೆದಿದ್ದಾಗ, ನೆಂಟರಿಷ್ಟರೆಲ್ಲ ನಿಂತು ನೋಡುತ್ತಿರುವಂತೆಯೇ ಹಾಲ್‌ನ ನಟ್ಟನಡುವೆ ಕೂತು, "ಚೆಂದಾಗದೆ ಕಣ್ಲಾ, ಆದ್ರೆ ಐಸ್‌ಗಡ್ಡೆ ಮೇಲೆ ಕೂತಂಗಾಯ್ತದೆ. ಇಲ್ಲಿ ಯಾರ್ಲಾ ಕೂತಾರು?" ಎಂದು ಮನೆಯ ಯಜಮಾನನನ್ನೇ ಕೇಳಿದಳು. ನೆಂಟರು ನಕ್ಕರು. ಯಜಮಾನ ನಗಲಿಲ್ಲ. ನಾನಂತೂ ಅವಳ ಪರಿಚಯವೇ ಇಲ್ಲದವಳಂತೆ ಪಾಯಸದ ಲೋಟ ಹಿಡಿದುಕೊಂಡು ಹೊರಗೆ ಹೋಗಿ ನಿಂತೆ.

ನಮ್ಮ ಮನೆಯದು ಹಳೆಯ ಕೆಂಪು ಗಾರೆಯ ನೆಲ. ಅವ್ವನ ಕಾಲದ್ದು. ಹಾಲಿನ ನಡುವೆ ಒಂದು ಬಿರುಕು ಬಿಟ್ಟಿತ್ತು, ಅದರೊಳಗೆ ಇರುವೆಗಳು ನಮಗಿಂತ ಅಚ್ಚುಕಟ್ಟಾಗಿ ಸಂಸಾರ ನಡೆಸುತ್ತಿದ್ದವು. ಆ ನೆಲ ನನಗೆ ಬೇಡವಾದದ್ದು ಇರುವೆಯಿಂದಲ್ಲ, ಕಂಪನಿ ಬಸ್ಸಿನಿಂದ. ಬಸ್ಸು ದಿನಾ ತೆರಕಣಾಂಬಿ ದಾಟಿ ಚಾಮರಾಜನಗರದ ಮೇಲೆ ಹೋಗುತ್ತದೆ, ಅಲ್ಲಿ ರಸ್ತೆಯ ಪಕ್ಕ ಒಂದು ದೊಡ್ಡ ಟೈಲ್ಸ್ ಅಂಗಡಿ. ಗಾಜಿನ ಗೋಡೆ, ಒಳಗೆ ಬೆಳಗಿದ ಬೆಳ್ಳಿತಟ್ಟೆಯಂಥ ನೆಲ. ಕಿಟಕಿ ಪಕ್ಕದ ಸೀಟು ಹಿಡಿದು ದಿನಕ್ಕೆರಡು ಸಲ ಅದನ್ನು ನೋಡಿ ನೋಡಿ, ಹೋಗುವಾಗ ಆಸೆ, ಬರುವಾಗ ಇನ್ನೂ ಆಸೆ ಎಂಬಂತಾಯಿತು.

ಆಸೆ ಹುಟ್ಟಿದ ಮೇಲೆ ಸಲಹೆ ಕೇಳದೆ ಇರುವುದು ಹೇಗೆ? ಪ್ಯಾಕಿಂಗ್‌ನ ಗೆಳತಿಯರನ್ನು ಕೇಳಿದೆ. ಮೇಸ್ತ್ರಿಯನ್ನು ಕೇಳಿದೆ. ಎದುರುಮನೆಯ ಮಂಗಳಮ್ಮನನ್ನು ಕೇಳಿದೆ. ಕೇರಳದ ರಸ್ತೆಯ ಹೋಟೆಲಿನಲ್ಲಿ ಪರೋಟ ತಿನ್ನುತ್ತ, ಅಲ್ಲಿನ ಮಲಯಾಳಿ ಮಾಲೀಕನನ್ನೂ ಅವನ ಹೋಟೆಲಿನ ನೆಲದ ಬಗ್ಗೆ ವಿಚಾರಿಸಿದೆ. ಅವನು ಪಾಪ, ಏನೋ ಚೆಲ್ಲಿದೆಯೆಂದುಕೊಂಡು ಒರೆಸುವವಳನ್ನು ಕೂಗಿದ. ಇಷ್ಟೆಲ್ಲ ಜನರನ್ನು ಕೇಳಿದವಳು ಅಕ್ಕನಿಗೆ ಮಾತ್ರ ಸುದ್ದಿ ತಿಳಿಸಿದೆ. ಕೇಳುವುದು ಬೇರೆ, ತಿಳಿಸುವುದು ಬೇರೆ.

"ನಾನೂ ಬತ್ತೀನಿ ಕಣಮ್ಮಿ, ಒಂದ್ಸಲ ಕೂತ್ಕ ನೋಡ್ತೀನಿ" ಎಂದಳು ಅಕ್ಕ.

ಗಾಜಿನ ಗೋಡೆಯ ಆ ಅಂಗಡಿ, ಅದರ ನಟ್ಟನಡುವೆ ಕಾಲು ನೀಡಿ ಕೂತ ಅಕ್ಕ, ಸುತ್ತ ನಿಂತು ನೋಡುವ ಜನ, ಎಲ್ಲವೂ ಒಂದೇ ಏಟಿಗೆ ನನ್ನ ಕಣ್ಣ ಮುಂದೆ ಬಂತು. "ಬಸ್ಸು ಸಿಕ್ಕಾಪಟ್ಟೆ ರಶ್ಶು ಕಣಕ್ಕ. ನಿನ್ನ ಮಂಡಿನೋವ್ ಬೇರೆ. ನಾನೇ ನೋಡ್ಕ ಬತ್ತೀನಿ, ನೀ ಸುಮ್ನಿರು" ಎಂದೆ. ಅಕ್ಕ ಮತ್ತೆ ದಾರ ಕೈಗೆತ್ತಿಕೊಂಡಳು. ನಾನು ಭಾನುವಾರದ ಖಾಲಿ ಬಸ್ಸಿನಲ್ಲಿ, ಪಕ್ಕದ ಸೀಟಿನಲ್ಲಿ ಕೈಚೀಲವನ್ನು ಕೂರಿಸಿಕೊಂಡು ಚಾಮರಾಜನಗರಕ್ಕೆ ಹೋದೆ.

ಅಂಗಡಿಯಲ್ಲಿದ್ದ ಹುಡುಗಿ ನನ್ನನ್ನು "ಮೇಡಂ" ಎಂದಳು. ಹುಟ್ಟಿದಾಗಿನಿಂದ ನನ್ನನ್ನು ಯಾರೂ ಹಾಗೆ ಕರೆದಿರಲಿಲ್ಲವಾದ್ದರಿಂದ, ಆಮೇಲೆ ಅವಳು ಹೇಳಿದ್ದಕ್ಕೆಲ್ಲ ಹೂಂ ಎಂದೆ. ಅರ್ಥವಾಗದ ಇಂಗ್ಲಿಷ್ ಹೆಸರುಗಳಿಗೆ ಇನ್ನೂ ಗಟ್ಟಿಯಾಗಿ ಹೂಂ ಎಂದೆ. "ಹಾಲ್‌ಗೆ ಇದನ್ನೇ ಹಾಕ್ಸಿ ಮೇಡಂ, ಮುಖ ಕಾಣುತ್ತೆ" ಎಂದಳು. ಮುಖ ನೋಡಿಕೊಳ್ಳಲು ಮನೆಯಲ್ಲಿ ಕನ್ನಡಿಯಿದೆ ಎನ್ನುವ ಬುದ್ಧಿ ನನಗೆ ಆಗ ಬರಲಿಲ್ಲ. ಕೆನೆಬಣ್ಣದ ಟೈಲು, ಅದರ ಮೇಲೆ ಅಲ್ಲಲ್ಲಿ ಸಣ್ಣ ಸಣ್ಣ ಬಿಳಿ ಮೊಗ್ಗಿನ ಚಿತ್ತಾರ. ಅಕ್ಕ ಹೂ ಕಟ್ಟುವವಳಲ್ಲವೇ, ಅವಳಿಗೆ ಹಿಡಿಸುತ್ತದೆ ಎಂದುಕೊಂಡು, ಅವಳನ್ನು ಬಿಟ್ಟು ಬಂದದ್ದಕ್ಕೆ ಒಂದು ಸಮಾಧಾನವನ್ನೂ ನಾನೇ ತಯಾರುಮಾಡಿಕೊಂಡೆ.

ಟೈಲು ಬಂತು, ಮೇಸ್ತ್ರಿ ಬಂದ, ಅವ್ವನ ಕೆಂಪು ನೆಲ ಇರುವೆಗಳ ಸಮೇತ ಅಡಿಗೆ ಹೋಯಿತು. ಬೀದಿಯ ಹೆಂಗಸರು ಬಂದು ನೆಲದಲ್ಲಿ ಮುಖ ನೋಡಿಕೊಂಡು ಹೋದರು. ಅಕ್ಕ ಕೂತಳು, ಸವರಿದಳು, ನನ್ನ ಮುಖ ನೋಡಿದಳು. "ಚೆಂದಾಗದೆ ಕಣಮ್ಮಿ" ಎಂದಳು. ಎಂಥೆಂಥ ಮನೆಯ ನೆಲಕ್ಕೂ ಮುಖಕ್ಕೆ ಹೊಡೆದಂತೆ ತೀರ್ಪು ಕೊಟ್ಟ ಅಕ್ಕ ಇಷ್ಟಕ್ಕೇ ನಿಲ್ಲಿಸಿದಾಗಲೇ ನನಗೆ ತಿಳಿಯಬೇಕಿತ್ತು.

ಆ ವಾರದಲ್ಲೇ ಹೂವಿನ ಬುಟ್ಟಿ ನಮ್ಮ ಮನೆ ಬಿಟ್ಟು ಮಂಗಳಮ್ಮನ ಜಗುಲಿಗೆ ಹೋಯಿತು. ಸಂಜೆ ನಾನು ಬಂದರೆ ಹಾಲಿನಲ್ಲಿ ಯಾರೂ ಇಲ್ಲ. ನೆಲದಲ್ಲಿ ನನ್ನ ಮುಖ ಮಾತ್ರ ಕಾಣುತ್ತಿತ್ತು, ಅಂಗಡಿಯ ಹುಡುಗಿ ಹೇಳಿದ್ದು ಸುಳ್ಳಲ್ಲ. ಕತ್ತಲಾದ ಮೇಲೆ ಅಕ್ಕ ಬಂದು ಉಂಡು ಮಲಗುವಳು. ಸೂಪರ್‌ವೈಸರನ್ನು ಬೈಯಲು ಜೊತೆಯಿಲ್ಲದೆ ಅವನು ನನಗೆ ಒಳ್ಳೆಯವನಂತೆ ಕಾಣತೊಡಗಿದ. "ಅಲ್ಲಿ ಗಾಳಿ ಚೆನ್ನಾಗದೆ" ಎಂದು ಅಕ್ಕ ಹೇಳಿದಳು. ಮುನಿಸು ಎಂದುಕೊಂಡು ನಾನೂ ಮುನಿಸಿಕೊಂಡೆ.

ಒಂದು ಭಾನುವಾರ ಮಂಗಳಮ್ಮನ ಮನೆಗೆ ನೆಂಟರು ಬಂದು ಜಗುಲಿ ತುಂಬಿತು. ಅಕ್ಕ ನಮ್ಮ ಹಾಲಿನಲ್ಲೇ ಮೊಗ್ಗು ಹರಡಿ ಕೂತಳು. ನಾನು ತಲೆಗೆ ಎಣ್ಣೆ ಹಚ್ಚಿಕೊಂಡು ಅಡುಗೆಮನೆಯಿಂದ ಬಂದಾಗ ಕಂಡದ್ದು ಇದು: ಒಂದು ಕೈಯಲ್ಲಿ ದಾರ ಹಿಡಿದು, ಇನ್ನೊಂದು ಕೈಯಿಂದ ಅಕ್ಕ ನೆಲವನ್ನು ತಡವುತ್ತಿದ್ದಾಳೆ. ಕೆನೆಬಣ್ಣದ ನೆಲದ ಮೇಲೆ ಬಿಳಿ ಮಲ್ಲಿಗೆ ಮೊಗ್ಗು ಅವಳ ಕಣ್ಣಿಗೆ ಕಾಣುತ್ತಿಲ್ಲ. ಬೆರಳಿಗೆ ಒಂದು ಸಿಕ್ಕಿತೆಂದು ಹಿಡಿದಳು, ಬರಲಿಲ್ಲ. ಉಗುರಿನಿಂದ ಕೆರೆದಳು, ಬರಲಿಲ್ಲ. ಅದು ಟೈಲಿನ ಚಿತ್ತಾರದ ಮೊಗ್ಗು.

ನನ್ನನ್ನು ಕಂಡು ನಕ್ಕುಬಿಟ್ಟಳು. "ಯಾವ್ದು ನಿನ್ ಹೂವು, ಯಾವ್ದು ನನ್ ಹೂವು ಅಂತಲೇ ತಿಳಿಯಾಕಿಲ್ಲ ಕಣಮ್ಮಿ."

"ಮೊದ್ಲೇ ಹೇಳ್ಬಾರ್ದಾಗಿತ್ತಾ ಅಕ್ಕ?"

"ನೀ ಆಸೆಪಟ್ಟು ಹಾಕ್ಸಿದ್ದೀಯ. ಏನಂತ ಹೇಳಾನ?"

ಒಂದು ಚಾಪೆ ಹಾಸಿದ್ದರೆ ಆಗುತ್ತಿತ್ತಲ್ಲ ಎಂದು ನೀವು ಅನ್ನುತ್ತೀರಿ, ನನಗೆ ಗೊತ್ತು. ಅದನ್ನು ನನಗಿಂತ ಮೊದಲು ಅಕ್ಕನೇ ಮಾಡಿ ನೋಡಿದ್ದಳು. ಹೂವಿಗೆ ಆಗಾಗ ನೀರು ಚಿಮುಕಿಸಬೇಕು. ಚಾಪೆ ನೆನೆದು ನಾರುತ್ತದೆ, ಬಟ್ಟೆ ನೀರನ್ನೆಲ್ಲ ಹೀರಿ ಹೂ ಬಾಡುತ್ತದೆ, ಟಾರ್ಪಾಲು ಹಾಸಿದರೆ ಆ ನುಣುಪಿನ ಮೇಲೆ ಅದು ಜಾರಿ, ಕೂತವಳೂ ಜೊತೆಗೆ ಜಾರುತ್ತಾಳೆ. ಕೆಂಪು ಗಾರೆ ಇದ್ಯಾವ ತಂಟೆಯೂ ಇಲ್ಲದೆ ಅಷ್ಟು ವರ್ಷ ಅವಳ ಕೆಳಗೆ ಇತ್ತು.

ಅಂದೇ ತಪ್ಪಾಯಿತು ಎಂದು ಹೇಳಿಬಿಡಬಹುದಿತ್ತು. ನಾನು ಸಾಮಾನು ತಂದೆ. ಮೊದಲು ಜೋರು ಬೆಳಕಿನ ಬಲ್ಬು ತಂದು ಹಾಕಿದೆ. ಬೆಳಕು ನೆಲಕ್ಕೆ ಬಡಿದು ನೇರ ಅವಳ ಕಣ್ಣಿಗೇ ಹೊಡೆಯಿತು. ಆಮೇಲೆ ಮೇಜು ಕುರ್ಚಿ ತಂದೆ. ಮೇಜಿನ ಮೇಲೆ ಹಳೆಯ ಖಾಲಿ ಬುಟ್ಟಿ ಕೂತಿತು, ಕುರ್ಚಿಯ ಮೇಲೆ ನೀರಿನ ಚೊಂಬು ಕೂತಿತು, ಅಕ್ಕ ಎದುರುಮನೆಯ ಜಗುಲಿಯಲ್ಲಿ ಕೂತಳು. ಒಂದು ಮಾತಿನಲ್ಲಿ ಮುಗಿಯುವುದಕ್ಕೆ ಮನೆಯ ಮುಂದೆ ಗೂಡ್ಸ್ ಆಟೋ ತಂದು ನಿಲ್ಲಿಸುವವರಲ್ಲಿ ನಾನೊಬ್ಬಳೇ ಏನಲ್ಲ ಎಂದು ನಂಬಿದ್ದೇನೆ.

ಕೊನೆಗೆ ಮಂಗಳಮ್ಮನೇ ನನ್ನನ್ನು ನಲ್ಲಿಯ ಹತ್ತಿರ ನಿಲ್ಲಿಸಿ ಹೇಳಿದಳು: "ಏನಮ್ಮಿ, ನಿಮ್ಮಕ್ಕ ಹಿಂದ್ಗಡೆ ಬೀದೀಲಿ ಒಂದು ರೂಮ್ ಕೇಳ್ತಾವ್ಳೆ, ಹೂ ಕಟ್ಟಕೆ. ಕೆಂಪು ನೆಲವಂತೆ. ರಾತ್ರಿನೂ ಅಲ್ಲೇ ಮನಿಕತೀನಿ ಅಂತಾನೂ ಅಂದ್ಲು. ನಿಂಗೊತ್ತಿಲ್ವಾ?"

ನನಗೆ ಗೊತ್ತಿರಲಿಲ್ಲ. ಕೊಡ ತುಂಬಿ ಹೊರಗೆ ಹರಿಯುತ್ತಿದ್ದದ್ದೂ ಗೊತ್ತಾಗಲಿಲ್ಲ. ಮನೆಗೆ ಬಂದವಳೇ, "ಅಕ್ಕಾ, ಭಾನ್ವಾರ ಚಾಮ್ರಾಜ್‌ನಗರಕ್ಕೆ ಹೋಗನ, ನಡಿ" ಎಂದೆ.

"ಯಾಕಮ್ಮಿ?"

"ಕೂತ್ಕ ನೋಡಕೆ."

ಅದೇ ಅಂಗಡಿ, ಅದೇ ಹುಡುಗಿ. ಬಾಗಿಲಲ್ಲಿ ಚಪ್ಪಲಿ ಬಿಟ್ಟ ಅಕ್ಕ ಒಳಗೆ ಬಂದು, ನಾನು ಹೆದರಿದ್ದಂತೆಯೇ, ಬೆಳ್ಳಿತಟ್ಟೆಯಂಥ ಆ ನೆಲದ ಮೇಲೆ ಕೂತಳು. ಹುಡುಗಿ ಓಡಿಬಂದು, "ಅಯ್ಯೋ, ಚೇರ್ ಇದೆ ಅಮ್ಮ, ಮೇಲೆ ಕೂತ್ಕೊಳ್ಳಿ" ಎಂದಳು.

"ನಾ ಚೇರಿಗೆ ಬಂದಿಲ್ಲ ಕಣವ್ವ, ನೆಲಕ್ಕೆ ಬಂದಿವ್ನಿ."

ಅಕ್ಕ ಚೀಲದಿಂದ ಒದ್ದೆ ಬಟ್ಟೆಯ ಗಂಟು ತೆಗೆದು ಬಿಚ್ಚಿದಳು. ಒಳಗೆ ಮಲ್ಲಿಗೆ ಮೊಗ್ಗು. ಹುಡುಗಿ ಒಂದೊಂದೇ ಟೈಲು ತಂದು ಮುಂದಿಟ್ಟಳು, ಅಕ್ಕ ಒಂದೊಂದರ ಮೇಲೂ ನಾಲ್ಕು ಮೊಗ್ಗು ಚೆಲ್ಲಿ, ಕಣ್ಣು ಕಿರಿದು ಮಾಡಿ ನೋಡಿ, ಬೇಡವೆಂದಳು. ಟೈಲು ಕೊಳ್ಳಲು ಬಂದಿದ್ದ ಗಂಡಹೆಂಡಿರು ತಮ್ಮ ಟೈಲು ಬಿಟ್ಟು ನಮ್ಮನ್ನು ನೋಡಿದರು. ನಾನು ಅಭ್ಯಾಸಬಲದಿಂದ ಬಾಗಿಲಿನ ಕಡೆ ನೋಡಿದೆ. ಕೈಯಲ್ಲಿ ಪಾಯಸದ ಲೋಟವೊಂದಿರಲಿಲ್ಲ, ಅಷ್ಟೇ. ಕಡೆಗೆ ಹುಡುಗಿ ಹಿತ್ತಿಲ ಶೆಡ್ಡಿನಿಂದ ಹೊಳಪು ಕೊಡದ ಕರಿಕಲ್ಲಿನ ಒಂದು ತುಂಡು ತರಿಸಿದಳು. ನಮ್ಮ ಜಿಲ್ಲೆಯದೇ ಕಲ್ಲು. ಹಡಗು ಹತ್ತಿ ಹೊರದೇಶಕ್ಕೆ ಹೋಗುತ್ತದಂತೆ. ನಾವು ಮಾತ್ರ ಎಲ್ಲಿಯದೋ ಟೈಲು ತರಿಸಿ ಹಾಕಿಕೊಳ್ಳುತ್ತೇವೆ. ಅಕ್ಕ ಮೊಗ್ಗು ಚೆಲ್ಲಿದಳು. ಒಂದೊಂದೂ ಎದ್ದು ಕಂಡಿತು. ಅಂಗೈಯಿಂದ ಸವರಿದಳು, ನೀರು ಚಿಮುಕಿಸಿ ಮತ್ತೆ ಸವರಿದಳು.

"ಇದು ನೆಲ" ಎಂದಳು.

ಹಾಲ್‌ನ ನೆಲವನ್ನೆಲ್ಲ ಕೀಳುವುದು ಬೇಡ, ತಾನು ಕೂರುವ ಜಾಗಕ್ಕೆ ಒಂದು ಹಾಸುಕಲ್ಲು ಕೂರಿಸಿದರೆ ಸಾಕು ಎಂದು ಅವಳೇ ತೀರ್ಮಾನ ಮಾಡಿದಳು. ಎಷ್ಟು ಅಗಲ ಬೇಕೆಂದು ಹುಡುಗಿ ಕೇಳಿದ್ದಕ್ಕೆ, ಅಂಗಡಿಯ ನೆಲದ ಮೇಲೆಯೇ ಅಕ್ಕ ಕೈಯಾಡಿಸಿ ತೋರಿಸಿದಳು: "ಇಲ್ಲಿ ನಾನು. ಇಲ್ಲಿ ಹೂವು, ಇಲ್ಲಿ ಬುಟ್ಟಿ." ಆಮೇಲೆ ಸ್ವಲ್ಪ ಆಚೆಗೆ ಸರಿದು ಇನ್ನೊಂದಿಷ್ಟು ಜಾಗ ತಟ್ಟಿದಳು. "ಇಲ್ಲಿ ನನ್ ತಂಗಿ ಟೀ ಲೋಟ ಇಟ್ಕ ಕೂತ್ಕತಾಳೆ. ಅದ್ನೂ ಸೇರ್ಸ್ಕವ್ವ."

ನನಗೆ ನಿಲ್ಲಲಾಗಲಿಲ್ಲ. ಶಿಫ್ಟಿನ ಉದ್ದಕ್ಕೂ ನಿಂತು ಅಭ್ಯಾಸವಿದ್ದ ಕಾಲುಗಳೇ, ಆದರೂ ಆಗಲಿಲ್ಲ. ಗಾಜಿನ ಗೋಡೆಯ ಆಚೆ ಬಸ್ಸು ಓಡಾಡುತ್ತಿರಲಿ, ಯಾರು ಬೇಕಾದರೂ ಕಿಟಕಿಯಿಂದ ನೋಡಲಿ ಎಂದುಕೊಂಡು, ಅಕ್ಕ ತಟ್ಟಿದ ಜಾಗದಲ್ಲೇ ಕೂತೆ. ನೆಲ ಐಸ್‌ಗಡ್ಡೆಯ ಹಾಗಿತ್ತು. ಗೃಹಪ್ರವೇಶದ ದಿನ ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಹುಡುಗಿ ಕೇಳಿಸಿಕೊಳ್ಳುತ್ತಿದ್ದಳು, ಆ ಗಂಡಹೆಂಡಿರೂ ಕೇಳಿಸಿಕೊಳ್ಳುತ್ತಿದ್ದರು. ಕೇಳಿಸಿಕೊಳ್ಳಲಿ ಎಂದು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ:

"ಅಕ್ಕಾ, ಅವತ್ತು ಬಸ್ಸೂ ರಶ್ ಇರ್ನಿಲ್ಲ, ನಿನ್ ಮಂಡಿನೋವ್ಗೂ ಅಲ್ಲ. ನೀ ಇಲ್ಲಿ ಬಂದು ಹಿಂಗೇ ಕೂತ್ಬುಟ್ಟೀಯ ಅಂತ ನಾಚ್ಕೆಯಾಗಿ ನಿನ್ನ ಬುಟ್ಬುಟ್ಟು ಬಂದೆ. ತಪ್ಪಾಯ್ತು ಕಣಕ್ಕ."