ಮಾಣಿಕ ಹಾಕಿದ ಕುಣಿಕೆ

ಬೇವಿನ ಗಿಡಕ್ಕೆ ನನ್ನ ತುದಿಯ ಹಗ್ಗ ಕಟ್ಟಿ ಮುಗಿಸಿ, "ಆತು, ಜಗ್ಗೋ ಮಾಣಿಕಾ!" ಎಂದು ಕೂಗಿಬಿಟ್ಟೆ.

ಆ ಕಡೆ ಯಾರೂ ಇರಲಿಲ್ಲ. ಹೊಸ ಟಾರ್ಪಿನ ಇನ್ನೊಂದು ತುದಿ ಗೇಟಿನ ಬುಡದಲ್ಲಿ ಸುಮ್ಮನೆ ಬಿದ್ದಿತ್ತು.

ಮಾಣಿಕ ನನ್ನ ತಮ್ಮ. ಕಳೆದ ಬೇಸಿಗೆಯಲ್ಲಿ, ನಾರಾಯಣಖೇಡದ ತನ್ನ ಮನೆಯಲ್ಲಿ, ಮುಂದಿಟ್ಟ ಚಹಾ ಆರುವಷ್ಟರಲ್ಲಿ ತೀರಿಹೋದ. ನಾನು ಕೂಗಿದ್ದು ಮೆಟ್ಟಿಲ ಮೇಲೆ ಕೂತಿದ್ದ ಅವನ ಮಗಳು ಸುನೀತಾಗೆ ಕೇಳಿಸಿತು. ಅವಳು ಫೋನ್ ನೋಡುವವಳಂತೆ ತಲೆ ತಗ್ಗಿಸಿದಳು.

ಈ ಬಳಗದಲ್ಲಿ ನಮ್ಮ ಕಡೆಯವರಿಗೆ ಗೊತ್ತಿರುವುದೇ, ಗೊತ್ತಿಲ್ಲದವರಿಗೆ ಹೇಳುತ್ತೇನೆ. ಎಳ್ಳ ಅಮಾವಾಸ್ಯೆಯ ಹಿಂದಿನ ಸಂಜೆಯೇ ಕೊಹೀರ್ ಹತ್ತಿರದ ನಮ್ಮ ಹೊಲಕ್ಕೆ ಹೋಗಿ ಮಲಗುವುದು ನಮ್ಮಿಬ್ಬರು ಅಣ್ಣತಮ್ಮಂದಿರ ಪಾಲಿನ ಕೆಲಸ. ಬೆಳಿಗ್ಗೆ ಮನೆಮಂದಿ ಬುತ್ತಿ, ಭಜ್ಜಿ ಹೊತ್ತು, ಬೆಳೆಗೆ ಎಡೆಯಾಗಿ ಚರಗ ಚೆಲ್ಲಲು ಬರುವಷ್ಟರಲ್ಲಿ ಪೂಜೆಗೆ ಜೋಳದ ದಂಟಿನ ಕೊಂಪೆ ಎದ್ದು ನಿಂತಿರಬೇಕು. ಅಪ್ಪ ಹಾಗೆ ಮಾಡುತ್ತಿದ್ದ, ನಾವೂ ಬಿಡಲಿಲ್ಲ.

ಮೇಲೆ ಕಟ್ಟಿ ಕೆಳಗೆ ಮಲಗಲಿಕ್ಕೆ ಒಂದು ದೊಡ್ಡ ತಾಡಪತ್ರಿ ಇತ್ತು. ಮಾಣಿಕ ಲಾರಿ ಓಡಿಸುತ್ತಿದ್ದ ಕಾಲದಲ್ಲಿ ತಾಂಡೂರಿನಿಂದ ತಂದದ್ದು. ಅದನ್ನು ಅವನೇ ಹೆಗಲ ಮೇಲೆ ಹೊರುತ್ತಿದ್ದ, ನಾನು ನೀರು, ರೊಟ್ಟಿಗಂಟು ಹಿಡಿದು ಹಿಂದೆ.

ಈ ಸಲ ಒಬ್ಬನೇ ಹೋಗುತ್ತೇನೆ ಎಂದಾಗ ಮನೆಯಲ್ಲಿ ದೊಡ್ಡ ಗದ್ದಲ. ಆ ತಾಡಪತ್ರಿ ಎತ್ತಲು ನೋಡಿದೆ... ಮೊಣಕಾಲು ಒಪ್ಪಲಿಲ್ಲ.

ಕೊನೆಗೆ ಸುನೀತಾಳೇ ದಾರಿ ಹುಡುಕಿದಳು. "ಇದಕ್ಕ ಸೋಲೋ ಕ್ಯಾಂಪಿಂಗ್ ಅಂತಾರ ದೊಡ್ಡಪ್ಪ. ಹಗುರ ಸಾಮಾನು ಸಿಗ್ತಾವ. ಆದ್ರ ಅಂಗಳದಾಗ ಒಬ್ಬರೇ ಕಟ್ಟಿ ತೋರಸ್ರಿ, ಆಮ್ಯಾಲೆ ಹೋಗ್ರಿ. ಇಲ್ಲಂದ್ರ ಇಲ್ಲ." ಅಪ್ಪನ ಮಗಳೇ, ಮಾತಿನಲ್ಲಿ ಒಂದೆಳೆ ಸಡಿಲ ಇಲ್ಲ.

ಜಹೀರಾಬಾದಿನ ಅಂಗಡಿಗಳಲ್ಲಿ ಇದ್ದದ್ದೆಲ್ಲ ಲಾರಿಗೆ ಹೊದಿಸುವ ಸೈಜಿನವು. ಹಾಗಾಗಿ ಫೋನಿನಲ್ಲೇ ಆರಿಸಿದೆವು. ಟಾರ್ಪು ಅಂದರೆ ತೆಳ್ಳನೆಯ ತಾಡಪತ್ರಿಯೇ, ಮಡಚಿದರೆ ಒಂದು ಟವೆಲ್‌ನಷ್ಟೇ ಆಗುತ್ತದೆ. ಜೊತೆಗೆ ಬಿವ್ವಿ ಬ್ಯಾಗ್ ಅಂತ ಒಂದು ಚೀಲ. ಹಾಸಿಗೆ ಸಮೇತ ಒಳಗೆ ಹೊಕ್ಕು ಜಿಪ್ ಎಳೆದುಕೊಳ್ಳುವುದು.

ನಾನು ಎಲ್ಲಕ್ಕಿಂತ ಹಗುರದ್ದು ತೋರಿಸಿದೆ. "ಅದು ಬರೇ ಪ್ಲಾಸ್ಟಿಕ್ ಅದ್ರಿ, ನಿಮ್ಮ ಉಸಿರೇ ಒಳಗ ನೀರಾಗಿ ಹಾಸಿಗಿ ತೋಯ್ತದ" ಎಂದು ಬೇಡವೆಂದಳು. ಇಬ್ಬನಿ ಒಳಗೆ ಬಿಡದ, ಉಸಿರಿನ ತೇವ ಹೊರಗೆ ಹಾಕುವ ಬಟ್ಟೆ, ಮುಖಕ್ಕೆ ಸೊಳ್ಳೆಪರದೆ ಇರುವುದನ್ನು ತರಿಸಿದಳು.

ಅದು ಬಂದ ದಿನ ನನ್ನಾಕೆ ತಿರುಗಿಸಿ ಮುರುಗಿಸಿ ನೋಡಿದಳು. "ಜ್ವಾಳದ ಚೀಲಕ್ಕ ಜಿಪ್ ಹಚ್ಯಾರ, ಇದಕ್ಕೂ ರೊಕ್ಕ ಕೊಟ್ರೇನು?" ಎಂದು ನಗಾಡಿದಳು.

ಒಳಗೆ ಹೊಕ್ಕು ಮಲಗಿ ತೋರಿಸಿದೆ. ಜಿಪ್ ಎದೆಯ ತನಕ ಬಂದಾಗ ಅವಳ ನಗು ನಿಂತಿತು.

"ಮಾರಿ ಮ್ಯಾಲ ಎಳಕೋಬ್ಯಾಡ್ರಿ... ನನಗ ನೋಡಾಕ ಆಗಲ್ಲ."

ಸರಿ, ಅಂಗಳದ ಪರೀಕ್ಷೆಗೆ ಬರುತ್ತೇನೆ. ಕೂಗಿದ್ದು ಕೂಗಿಯಾಯಿತು, ಎದ್ದು ಗೇಟಿನ ತುದಿಗೆ ನಾನೇ ಹೋದೆ. ಅಲ್ಲಿ ನಿಂತ ಮೇಲೆ ತಿಳಿಯಿತು, ಆ ತುದಿ ಬಿಗಿಯಲು ನನಗೆ ಬರುವುದೇ ಇಲ್ಲ.

ಇಷ್ಟು ವರ್ಷ ನಾನು ಕಟ್ಟುವುದು, ಅವನು ಬಿಗಿಯುವುದು. ಲಾರಿಯ ಲೋಡಿಗೆ ಹಾಕುವಂತೆ ಹಗ್ಗದ ನಡುವೆ ಒಂದು ಕುಣಿಕೆ ಮಾಡಿ, ತುದಿಯನ್ನು ಅದರಲ್ಲಿ ತೂರಿಸಿ ಒಮ್ಮೆ ಜಗ್ಗಿದರೆ ತಾಡಪತ್ರಿ ಹಲಗೆಯಂತೆ ನಿಲ್ಲುತ್ತಿತ್ತು. ನಾನು ಕಟ್ಟಿದ್ದು ಮತ್ತೆ ಮತ್ತೆ ಸಡಿಲಾಗಿ, ಹೊಸ ಟಾರ್ಪು ನಡುವೆ ಜೋತುಬಿತ್ತು. ಇಬ್ಬನಿ ಬಿದ್ದರೆ ನೇರ ನನ್ನ ಹೊಟ್ಟೆಯ ಮೇಲೆ.

ಸುನೀತಾ ಮೆಟ್ಟಿಲಿಂದ ಎದ್ದಳು. ಒಳಗೆ ಹೋಗಿ ಹಳೆಯ ತಾಡಪತ್ರಿಯನ್ನು ಎಳೆದುಕೊಂಡು ಬಂದಳು, ಅದಕ್ಕೆ ಕಟ್ಟಿದ ಹಗ್ಗ ಸಮೇತ.

ಹಗ್ಗದ ನಡುವೆ ಆ ಕುಣಿಕೆ ಹಾಗೇ ಇತ್ತು!

ಅವನ ರೂಢಿ ಅದು. ಹೊಲ ಬಿಡುವಾಗ ಹಗ್ಗ ಬಿಚ್ಚುತ್ತಿದ್ದ, ಕುಣಿಕೆ ಬಿಚ್ಚುತ್ತಿರಲಿಲ್ಲ. "ಮುಂದಿನ ವರ್ಷ ಮತ್ತ ಹಾಕಾದೇ ಅದಲ್ಲಾ" ಅನ್ನುತ್ತಿದ್ದ.

"ಬಿಚ್ಚಿ ನೋಡ್ರಿ ದೊಡ್ಡಪ್ಪ, ಹೆಂಗ ಹಾಕ್ಯಾರ ಗೊತ್ತಾಗ್ತದ" ಎಂದಳು. ಹಗ್ಗವನ್ನು ನನ್ನ ಕೈಗಿಟ್ಟಳು.

ಬೆರಳಿಟ್ಟೆ. ಎಳೆ ಬಿಗಿದು ಕೂತಿತ್ತು, ಕಳೆದ ಸಲದ ಹೊಲದ ಮಣ್ಣು ಇನ್ನೂ ಅದರಲ್ಲಿತ್ತು. ಬೆರಳು ಹಿಂದಕ್ಕೆ ತೆಗೆದೆ.

ಆ ಹಗ್ಗವನ್ನೇ ಹೊಸ ಟಾರ್ಪಿಗೆ ಕಟ್ಟಿದೆ. ತುದಿಯನ್ನು ಗೇಟಿಗೆ ಸುತ್ತಿ ತಂದು ಅವನ ಕುಣಿಕೆಯಲ್ಲಿ ತೂರಿಸಿ ಜಗ್ಗಿದೆ. ಟಾರ್ಪು ನೆಟ್ಟಗೆ ನಿಂತಿತು.

"ಪಾಸ್ ಆದ್ರಿ, ಹೋಗ್ರಿ" ಎಂದಳು. ಹಗುರ, ಹಗುರ ಅಂತ ಅಷ್ಟೆಲ್ಲ ಹುಡುಕಿದೆವು, ಈಗ ಹಗ್ಗವೇ ಟಾರ್ಪಿಗಿಂತ ಭಾರ. ಇರಲಿ ಬಿಡಿ.

ಸ್ವಲ್ಪ ಹೊತ್ತು ಅದರ ಕೆಳಗೆ ಚೀಲ ಹಾಸಿ ಮಲಗಿದೆ. ಆಮೇಲೆ ನೋಡಿಕೊಂಡರೆ ಎಡಕ್ಕೆ ಸರಿದು ಮಲಗಿದ್ದೇನೆ, ಬಲಗಡೆ ಒಬ್ಬರಿಗೆ ಆಗುವಷ್ಟು ಜಾಗ ಬಿಟ್ಟು...

ನಾಡಿದ್ದು ಅಮಾವಾಸ್ಯೆ, ನಾಳೆ ಕೊಹೀರ್ ಬಸ್ಸು ಹತ್ತುತ್ತೇನೆ. ಆದರೆ ಕುಣಿಕೆಯ ಹತ್ತಿರ ಹಗ್ಗದ ಎಳೆ ಸವೆದಿದೆ, ಬಹಳ ವರ್ಷ ತಡೆಯುವುದಿಲ್ಲ. ಬಿಚ್ಚದೆ ಕಲಿಯುವಂತಿಲ್ಲ, ಬಿಚ್ಚಿದರೆ ಅವನು ಹಾಕಿದ್ದು ಉಳಿಯುವುದಿಲ್ಲ.

ನೀವಾಗಿದ್ದರೆ ಬಿಚ್ಚುತ್ತಿದ್ದಿರಾ?