ಒಡ್ನಿ ಹಾಕಿದ ಚಿಲಕ

ನಮ್ಮ ಕಣಿವೆಯಲ್ಲಿ ಒಡ್ನಿ ಎಂಬಾಕೆ ಹಾಕಿದ ಚಿಲಕದ ಬಗ್ಗೆ ಇಷ್ಟು ಹೇಳಿದರೆ ಸಾಕು: ಜ್ವಾಲಾಮುಖಿ ಬಾಯಿ ಬಿಟ್ಟರೂ ಅದು ಬಾಯಿ ಬಿಡುವುದಿಲ್ಲ. ಗೇಟು ಮುಚ್ಚಿ, ಚಿಲಕ ಇಳಿಸಿ, ಒಮ್ಮೆ ಅಲುಗಾಡಿಸುತ್ತಾಳೆ. ನಾಲ್ಕು ಹೆಜ್ಜೆ ಹೋಗಿ, ತಿರುಗಿ ಬಂದು ಇನ್ನೊಮ್ಮೆ. ಲಾಯದ ಮೂಲೆ ದಾಟಿದವಳು ಏನೋ ನೆನಪಾದಂತೆ ಓಡಿ ಬಂದು ಮೂರನೆಯ ಸಲ. ಐದು ವರ್ಷದ ಹಿಂದಿನ ಬಿರುಗಾಳಿ ಪಾದ್ರಿಯ ಮನೆಯ ಚಾವಣಿಯನ್ನು ಸಮುದ್ರಕ್ಕೆ ಒಯ್ದಾಗ ಎರಡೂ ಕಡೆಯ ಬೇಲಿ ಹಾರಿಹೋಗಿ ಒಡ್ನಿಯ ಗೇಟು ಮಾತ್ರ ಬಯಲಲ್ಲಿ ಒಂಟಿಯಾಗಿ, ಭದ್ರವಾಗಿ ನಿಂತಿತ್ತಂತೆ. ಗಂಡ ತೀರಿಕೊಂಡಾಗ ಶವಪೆಟ್ಟಿಗೆಯ ಮುಚ್ಚಳವನ್ನೂ ಮೂರು ಸಲ ಅಲುಗಾಡಿಸಿದಳೆಂದು ಊರು ಆಡಿಕೊಳ್ಳುತ್ತದೆ. ಇವೆರಡರಲ್ಲಿ ಒಂದನ್ನು ಹುಟ್ಟಿಸಿದವನು ನಾನೇ. ಯಾವುದೆಂದು ಹೇಳುವುದಿಲ್ಲ.

ಮೂವತ್ತು ವರ್ಷ ಮೀನಿನ ಕಾರ್ಖಾನೆಯಲ್ಲಿ ಕಾಡ್ ಮೀನು ಸೀಳಿದವಳು ಆಕೆ. ಹನ್ನೊಂದು ವರ್ಷದ ಹಿಂದೆ ಕಾರ್ಖಾನೆ ಮುಚ್ಚಿತು. ಮರುದಿನ ಅದೇ ಹೊತ್ತಿಗೆ, ಅದೇ ರಬ್ಬರ್ ಬೂಟು ಹಾಕಿಕೊಂಡು, ಕೊರ್ಮಾಕುರ್‌ನ ಕುದುರೆ ಫಾರಮ್ಮಿಗೆ ನಡೆದು ಹೋಗಿ ಗೋಡೆಗೆ ಒರಗಿಸಿದ್ದ ಸಲಿಕೆ ಕೈಗೆತ್ತಿಕೊಂಡಳು. ಬಾ ಅಂದವರಿಲ್ಲ, ಹೋಗು ಅಂದವರೂ ಇಲ್ಲ. ಪ್ರತಿ ಬೇಸಿಗೆಯಲ್ಲೂ ವಿದೇಶದ ಹುಡುಗ ಹುಡುಗಿಯರು ಸ್ವಯಂಸೇವೆ ಎಂದು ಬಂದು, ಆರು ವಾರ ಫೋಟೊ ತೆಗೆದುಕೊಂಡು, ಅತ್ತು, ಹೋಗುತ್ತಾರೆ. ಒಡ್ನಿಯದೂ ಅದೇ ಸೇವೆ. ಹೋಗಲಿಲ್ಲ, ಅಷ್ಟೇ ವ್ಯತ್ಯಾಸ. ಸಿಕ್ಕಿದ್ದು ಕಾಫಿ, ರೈ ಧಾನ್ಯದ ರೊಟ್ಟಿ, ಅದರ ಮೇಲೆ ಹೊಗೆ ಹಾಕಿದ ಕುರಿಮಾಂಸದ ಒಂದು ತೆಳು ಹೋಳು.

ಮತ್ತೆ ಪೆರ್ಲಾ.

ಪೆರ್ಲಾ ಹುಟ್ಟಿದ ದಿನವೇ ತಾಯಿ ಕುದುರೆ ಸತ್ತಿತು. ಮೂರು ಗಂಟೆಗೊಮ್ಮೆ ಬಾಟಲಿ ಹಾಲು ಕುಡಿಸಿ ಆ ಮರಿಯನ್ನು ಉಳಿಸಿದವಳು ಒಡ್ನಿ. ಎರಡನೆಯ ವರ್ಷ ಯಾರೋ ಗೇಟು ತೆರೆದದ್ದೇ ತಡ, ಮರಿ ನುಗ್ಗಿ ಹೋಗಿ ಮುಳ್ಳುತಂತಿಗೆ ಎದೆ ಸೀಳಿಕೊಂಡಿತು. ಅವತ್ತು ಅದರ ಪಾಠ ಶುರು. ಒಂದು ಇಡೀ ಚಳಿಗಾಲ ಕಲಿಸಿದಳು: ಬಾಗಿಲು ಹಾರುಹೊಡೆದಿದ್ದರೂ ಸರಿ, ಒಡ್ನಿ ‘ಬಾ’ ಎನ್ನುವ ತನಕ ಗೊರಸು ಎತ್ತಬಾರದು. ಎದುರಿಗೆ ಓಟ್ಸ್ ಸುರಿದರೂ ಪೆರ್ಲಾ ಕಲ್ಲಿನ ಹಾಗೆ ನಿಲ್ಲುತ್ತಿತ್ತು. ‘ಬಾ’ ಎಂದರೆ ಬಾಣ.

ಸೆಪ್ಟೆಂಬರಿನಲ್ಲಿ, ಬೇಸಿಗೆಯಿಡೀ ಮೇಯ್ದ ಕುದುರೆಗಳನ್ನು ಬೆಟ್ಟದಿಂದ ಇಳಿಸಿ ಯಾವುದು ಯಾರದೆಂದು ಬೇರ್ಪಡಿಸುವ ಗಲಾಟೆ ಮುಗಿದ ಮೇಲೆ, ಜರ್ಮನಿಯಿಂದ ಗಂಡ ಹೆಂಡತಿ ಬಂದರು. ಅವರಿಗೆ ಬೇಕಾಗಿದ್ದದ್ದು ಬೇರೊಂದು ಕಂದು ಕುದುರೆ. ಕೊರ್ಮಾಕುರ್ ಸುಮ್ಮನಿರಲಾರದೆ, “ಒಡ್ನಿ, ಇವರಿಗೆ ನಿನ್ನ ಗೇಟಿನ ಆಟ ಒಂಚೂರು ತೋರ್ಸೆ,” ಅಂದ. ಒಡ್ನಿ ತೋರಿಸಿದಳು. ಹೆಮ್ಮೆಯಿಂದಲೇ ತೋರಿಸಿದಳು. ಅವರು ಚಪ್ಪಾಳೆ ತಟ್ಟಿ, ಕಂದು ಕುದುರೆಯನ್ನು ಬಿಟ್ಟು ಪೆರ್ಲಾಳನ್ನು ಕೊಂಡರು.

ನಮ್ಮ ದ್ವೀಪದ ಕಾನೂನು ಗೊತ್ತಲ್ಲ. ರೋಗ ಬಂದೀತೆಂದು, ಒಮ್ಮೆ ಹೊರಗೆ ಹೋದ ಕುದುರೆಗೆ ಮರಳಿ ಪ್ರವೇಶವಿಲ್ಲ. ಇಲ್ಲೇ ಹುಟ್ಟಿದ್ದಾದರೂ ಇಲ್ಲ, ಒಂದು ದಿನದ ಮಟ್ಟಿಗೂ ಇಲ್ಲ.

“ಕೊಡ್ಬೇಡ ಅಂತ ಬಾಯ್ಬಿಟ್ಟು ಹೇಳೇ ಮಾರಾಯ್ತಿ,” ಅಂದೆ ನಾನು. ಕುದುರೆ ಸಾಗಿಸುವ ಲಾರಿಯವನು ನಾನೇ. ಪೆರ್ಲಾಳನ್ನು ಒಯ್ಯಬೇಕಾದವನೂ ನಾನೇ.

“ಯಾವ ಬಾಯಲ್ಲಿ ಹೇಳ್ಲಿ ಇಂಗ್ವಿ? ಲದ್ದಿ ಎತ್ತೋಕೆ ಬರೋಳು ನಾನು. ಅದಕ್ಕೂ ಯಾರೂ ಕರ್ದಿರ್ಲಿಲ್ಲ.”

“ಹಾಗಾದ್ರೆ ಕೇಳಿ ಇಸ್ಕೊ. ನೀನೇ ಸಾಕ್ಕೊ.”

“ನನ್ನ ಎರಡನೇ ಮಹಡಿ ಮನೇಲಾ? ಕೆಳಗಿನ ಮನೆಯವ್ಳು ನನ್ನ ರೇಡಿಯೋಗೇ ಕೋಲಲ್ಲಿ ಕುಟ್ತಾಳೆ.”

ಗುರುವಾರ ಪೆರ್ಲಾಳ ವಿಮಾನ. ಅಂದು ಬೆಳಗ್ಗೆ ಎಂಟಕ್ಕೆ ನನ್ನ ಲಾರಿ ಹೊರಡಬೇಕು. ಏನಾದರೂ ಆಗಿ ಪೆರ್ಲಾ ಸಿಗದಿದ್ದರೆ ಆ ಜಾಗದಲ್ಲಿ ಕಂದು ಕುದುರೆಯನ್ನು ಹತ್ತಿಸುವುದೆಂದು ಜರ್ಮನಿಯವರು ಮೊದಲೇ ಹೇಳಿದ್ದರು. ಬುಧವಾರ ಸಂಜೆ ನಾನು ಲಾರಿಗೆ ಹುಲ್ಲು ಹಾಸುತ್ತಿದ್ದೆ. ಒಡ್ನಿ ಮೇಲಿನ ಅಂಗಳದಿಂದ ಇಳಿದು ಬಂದಳು. ಅಲ್ಲಿ ಪೆರ್ಲಾ ಸೇರಿ ಎಂಟು ಕುದುರೆ. ಗೇಟು ಹಾರುಹೊಡೆದಿತ್ತು. ಅದರಾಚೆ ಬೆಟ್ಟ, ಬೆಟ್ಟದ ಮೇಲೆ ಮಂಜು. ಅದರೊಳಗೆ ಹೊಕ್ಕ ಕುದುರೆಯನ್ನು ಹುಡುಕಿ ತರಲು ಕನಿಷ್ಠ ಮೂರು ದಿನ. ಲಾಯದ ಮೂಲೆ ಬಂತು. ಒಡ್ನಿ ತಿರುಗಲಿಲ್ಲ. ರಸ್ತೆ ಬಂತು. ತಿರುಗಲಿಲ್ಲ. ಮಹಾಯುದ್ಧ ಗೆದ್ದ ಸೇನಾಪತಿಯೂ ಬೆನ್ನನ್ನು ಅಷ್ಟು ನೆಟ್ಟಗೆ ಹಿಡಿದಿರಲಾರ. ಹುಟ್ಟಿದಂದಿನಿಂದ ಒಂದು ಗುಟ್ಟೂ ಉಳಿಸಿಕೊಳ್ಳದ ನಾನು ಅವತ್ತು ಬಾಯಿ ಮುಚ್ಚಿಕೊಂಡು ಮನೆಗೆ ಹೋದೆ. ಕಣಿವೆಯ ಇತಿಹಾಸದಲ್ಲಿ ಇದೂ ಒಂದು ಪವಾಡವೇ.

ಬೆಳಗ್ಗೆ ನೋಡಿದರೆ ಏಳು ಕುದುರೆ ಇಲ್ಲ. ಕಂದು ಕುದುರೆಯೂ ಇಲ್ಲ.

ತೆರೆದ ಗೇಟಿನೊಳಗೆ, ಗೆರೆ ಎಳೆದು ನಿಲ್ಲಿಸಿದ ಹಾಗೆ, ಪೆರ್ಲಾ ನಿಂತಿತ್ತು. ಕತ್ತಿನ ಕೂದಲ ಮೇಲೆ ಇಬ್ಬನಿ ಗಟ್ಟಿಯಾಗಿತ್ತು. ಒಡ್ನಿ ಬರುವ ದಾರಿಯನ್ನೇ ನೋಡುತ್ತಿತ್ತು.

ಕೊರ್ಮಾಕುರ್ ಗೇಟನ್ನು ನೋಡಿದ, ಒಡ್ನಿಯನ್ನು ನೋಡಿದ.

“ಚಿಲಕ ಹಾಕ್ಲಿಲ್ವಾ?”

“ಹಾಕ್ಲಿಲ್ಲ.”

ಅವನಿಗೆ ಎಲ್ಲ ಅರ್ಥವಾಯಿತು. ಕೆಟ್ಟವನಾಗಿದ್ದರೆ ಎರಡು ಬೈದು ಹಗುರಾಗುತ್ತಿದ್ದ. “ಒಳಗೆ ಹೋಗಿ ಕಾಫಿ ಕುಡಿ, ನಾವು ಹತ್ತಿಸ್ತೀವಿ,” ಅಂದ. ಒಡ್ನಿ ಹೋಗಲಿಲ್ಲ.

ಹಗ್ಗ ಹಾಕಿ ಎಳೆದೆವು. ಹಿಂದಿನಿಂದ ನೂಕಿದೆವು. ನಾನು ಓಟ್ಸ್ ಬಕೆಟ್ ಹಿಡಿದು ಕುಣಿದೆ.

“ನೀನು ಕುಣಿದ್ರೆ ಮನುಷ್ಯರೇ ಹತ್ರ ಬರಲ್ಲ, ಸರಿ ಆಚೆ,” ಅಂದ ಕೊರ್ಮಾಕುರ್. ಎಂಟೂ ಕಾಲಾಯಿತು. ಕೊನೆಗೆ ಅವನು ಲಾಯಕ್ಕೆ ಹೋಗಿ ಚಾವಟಿ ತಂದ. ಹೊಡೆಯಲು ಅವನಿಗೆ ಮನಸ್ಸಿರಲಿಲ್ಲ. ಆದರೂ ಎತ್ತಿದ.

“ಹೊಡೀಬೇಡ,” ಅಂದಳು ಒಡ್ನಿ. “ಹೆದರ್ತಾಳೆ.”

ಗೇಟಿನೆದುರು ನಿಲ್ಲಿಸಿದ್ದ ಲಾರಿಯ ಹಲಗೆ ಹತ್ತಿ ಒಳಗೆ ಹೋಗಿ ನಿಂತಳು. “ಬಾ,” ಅಂದಳು.

ಪೆರ್ಲಾ ಒಂದೇ ನೆಗೆತಕ್ಕೆ ಗೇಟು ದಾಟಿ, ಹಲಗೆ ಹತ್ತಿ, ಅವಳ ಕಂಕುಳಲ್ಲಿ ಮೂತಿ ಇಟ್ಟಿತು. ರಾತ್ರಿಯಿಡೀ ಕಾದದ್ದು ಆ ಒಂದು ಮಾತಿಗೆ.

ಒಡ್ನಿ ಇಳಿದು ಬಂದು ಲಾರಿಯ ಬಾಗಿಲು ಹಾಕಿದಳು. ಮೂರು ಸಲ ಅಲುಗಾಡಿಸಿದಳು.

ವಿಮಾನ ನಿಲ್ದಾಣಕ್ಕೆ ಐದು ಗಂಟೆ ದಾರಿ. ಅದರ ಬಗ್ಗೆ ತಮಾಷೆ ಮಾಡೋಣವೆಂದು ಎಷ್ಟೋ ಸಲ ನೋಡಿದ್ದೇನೆ, ಆಗಿಲ್ಲ.

ಉಳಿದ ಏಳನ್ನು ಹುಡುಕಿ ತರಲು ಊರಿಗೆ ಊರೇ ಮೂರು ದಿನ ಬೆಟ್ಟ ಸುತ್ತಿತು. ಅವನ್ನು ಚಳಿಗಾಲಕ್ಕೆಂದು ಕೆಳಗಿನ ಹೊಲಕ್ಕೆ ಬಿಟ್ಟರು. ಸೋಮವಾರ ಒಡ್ನಿ ಅದೇ ಬೂಟಿನಲ್ಲಿ ಬಂದಳು. ಖಾಲಿಯಾದ ಮೇಲಿನ ಅಂಗಳದಲ್ಲಿ ಉಳಿದ ಲದ್ದಿ ಬಳಿದು, ಗೇಟು ಮುಚ್ಚಿ, ಚಿಲಕ ಇಳಿಸಿ, ಅಲುಗಾಡಿಸಿದಳು. ನಾಲ್ಕು ಹೆಜ್ಜೆ ಹೋಗಿ, ಬಂದು, ಅಲುಗಾಡಿಸಿದಳು. ಮೂಲೆಯಿಂದ ಮತ್ತೆ ಓಡಿ ಬಂದಳು.

ನನಗೆ ತಡೆಯಲಾಗಲಿಲ್ಲ. “ಒಳಗೆ ಒಂದು ನೊಣಾನೂ ಇಲ್ಲವಲ್ಲೇ ಒಡ್ನಿ,” ಅಂದೆ. “ಯಾರಿಗೋಸ್ಕರ ಇದೆಲ್ಲ?”

ಒಡ್ನಿ ಕೈಯನ್ನು ಕೋಟಿಗೆ ಒರೆಸಿಕೊಂಡಳು.

“ಗಾಳಿಗೆ ಬಡ್ಕೊಳ್ಳುತ್ತೆ.”