ಎರಡು ಚೀಟಿ, ಒಂದೇ ಹೆಸರು

ಹೊಸದುರ್ಗದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ರಕ್ತ ಪರೀಕ್ಷೆ ಮಾಡುವ ಸಣ್ಣದೊಂದು ಲ್ಯಾಬ್ ಇದೆ. ಹದಿನಾಲ್ಕು ವರ್ಷಗಳಿಂದ ನಾನು ಅಲ್ಲಿ ಕೆಲಸ ಮಾಡುತ್ತಿದ್ದೇನೆ. ಇರುವವರು ಇಬ್ಬರೇ, ನಾನು ಮತ್ತು ನಮ್ಮ ಮಾಲೀಕರು. ಅರವತ್ತು ದಾಟಿದ ಅವರು ಹಣೆಗೆ ದಪ್ಪಗೆ ವಿಭೂತಿ ಹಚ್ಚಿಕೊಂಡು ಬಂದು, ಯಂತ್ರಗಳಿಗೆ ಊದುಬತ್ತಿ ಬೆಳಗಿದ ಮೇಲೆಯೇ ಕುರ್ಚಿಯಲ್ಲಿ ಕೂರುತ್ತಾರೆ. ಅಷ್ಟರಲ್ಲಿ ನಾನು ಒಳಗಿನ ನಲ್ಲಿಯಲ್ಲಿ ಕೈ ತೊಳೆಯುತ್ತಾ ನನ್ನ ಪ್ರಾರ್ಥನೆ ಮುಗಿಸಿರುತ್ತೇನೆ. "ಕರ್ತನೇ, ಈ ಕೈಗಳನ್ನು ನೀನೇ ನಡೆಸು" ಎಂಬ ಒಂದೇ ಸಾಲು. ಅದನ್ನು ನನ್ನ ತಾಯಿಯಿಂದ ಕಲಿತೆ. ಅವಳು ತಾಳ್ಯದಿಂದ ದಿನಾ ಹೊಳಲ್ಕೆರೆಗೆ ಹೋಗಿ ಹೆರಿಗೆ ಮನೆಯೊಂದರಲ್ಲಿ ಆಯಾ ಆಗಿ ದುಡಿದವಳು. ನಿಂತು ಪ್ರಾರ್ಥಿಸಲು ಪುರುಸೊತ್ತು ಇಲ್ಲದವರಿಗೆ ಕೈ ತೊಳೆಯುವ ಹೊತ್ತು ಸಾಕು ಎನ್ನುತ್ತಿದ್ದಳು.

ನಾನು ಹೇಳಹೊರಟಿರುವ ವರ್ಷ ನಮ್ಮ ಮನೆಯ ಪರಿಸ್ಥಿತಿ ಚೆನ್ನಾಗಿರಲಿಲ್ಲ. ಗಾರೆ ಕೆಲಸ ಮಾಡುವ ನನ್ನ ಗಂಡ ಕಟ್ಟಡಕ್ಕೆ ಕಟ್ಟಿದ್ದ ಸಾರವೆಯಿಂದ ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಐದು ತಿಂಗಳಿಂದ ಮಂಚ ಹಿಡಿದಿದ್ದರು. ಬೆಳಿಗ್ಗೆ ಅವರನ್ನು ಎತ್ತಿ ಕೂರಿಸಿ, ಮೈ ಒರೆಸಿ, ಊಟ ಕೈಗೆ ಸಿಗುವ ಹಾಗೆ ಇಟ್ಟು ಲ್ಯಾಬಿಗೆ ಓಡುತ್ತಿದ್ದೆ. ಮನೆ ನಡೆಯುತ್ತಿದ್ದುದು ನನ್ನ ಕೆಲಸವೊಂದರಿಂದಲೇ. ಭಾನುವಾರ ಚರ್ಚಿನ ಸಭೆಯಲ್ಲಿ ಎಲ್ಲರೂ ನಮಗಾಗಿ ಪ್ರಾರ್ಥಿಸುವಾಗ ನಾನು ಕಣ್ಣು ಮುಚ್ಚಿ ನಿದ್ದೆ ಮಾಡಿದ್ದೂ ಉಂಟು.

ಒಂದು ದಿನ ಬೆಳಿಗ್ಗೆ ಹೈಸ್ಕೂಲಿನ ಟೀಚರ್ ಒಬ್ಬರು ಫೋನ್ ಮಾಡಿದರು. ಸಣ್ಣ ಆಪರೇಷನ್ನಿಗೆಂದು ಚಿತ್ರದುರ್ಗದ ಆಸ್ಪತ್ರೆಗೆ ಹೋಗಿದ್ದರು. ಅಲ್ಲಿ ನೋಡಿದಾಗ ಅವರ ರಕ್ತದ ಗುಂಪು ಪಾಸಿಟಿವ್ ಎಂದು ಬಂದಿತ್ತು. ನಾಲ್ಕು ತಿಂಗಳ ಹಿಂದೆ ನಾವು ಕೊಟ್ಟಿದ್ದ ಚೀಟಿಯಲ್ಲಿ ನೆಗೆಟಿವ್ ಎಂದಿತ್ತು. ಅವರಿಗೆ ಸಿಟ್ಟೇನೂ ಇರಲಿಲ್ಲ. ಸರಿ ಮಾಡಿ ಇನ್ನೊಂದು ಚೀಟಿ ಕೊಡಿ ಎಂದಷ್ಟೇ ಕೇಳಿದರು.

ನಾನು ಹಳೆಯ ರಿಜಿಸ್ಟರ್ ತೆಗೆದು ನೋಡಿದೆ. ಅವರ ಹೆಸರಿನ ಕೆಳಗಿನ ಸಾಲಿನಲ್ಲೇ ಅದೇ ಹೆಸರಿನ ಇನ್ನೊಬ್ಬಳು ಇದ್ದಳು. ಶ್ರೀರಾಂಪುರದ ಕಡೆಯ, ಕುರಿ ಸಾಕುವ ಮನೆಯ ಸೊಸೆ, ಚೊಚ್ಚಲ ಬಸುರಿ. ಅವಳ ಮುಂದೆ ಪಾಸಿಟಿವ್ ಎಂದು ನನ್ನದೇ ಅಕ್ಷರದಲ್ಲಿ ಬರೆದಿತ್ತು. ಅಂದು ಸಂತೆಯ ದಿನ, ಬಾಗಿಲ ತನಕ ಜನ ನಿಂತಿದ್ದರು. ರಕ್ತದ ಕೊಳವೆಗಳ ಮೇಲೆ ಬರೀ ಹೆಸರು ಬರೆದು ಅದಲುಬದಲು ಮಾಡಿಬಿಟ್ಟಿದ್ದೆ. ಅಂದರೆ ನೆಗೆಟಿವ್ ಇದ್ದವಳು ಆ ಬಸುರಿ ಹೆಂಗಸು.

ತಾಯಿಯದು ನೆಗೆಟಿವ್ ಇದ್ದು ಕೂಸಿನದು ಪಾಸಿಟಿವ್ ಆದರೆ, ಹೆರಿಗೆಯಾದ ಮೂರು ದಿನದೊಳಗೆ ತಾಯಿಗೊಂದು ಇಂಜೆಕ್ಷನ್ ಬೀಳಲೇಬೇಕು. ಬೀಳದಿದ್ದರೆ ಈ ಕೂಸಿಗೆ ಏನೂ ಆಗುವುದಿಲ್ಲ, ಮುಂದೆ ಹುಟ್ಟುವ ಕೂಸುಗಳು ಹೊಟ್ಟೆಯಲ್ಲೇ ಸಾಯಬಹುದು. ಬಸುರಿಯರಿಗೆ ಸರ್ಕಾರ ಕೊಡುವ ‘ತಾಯಿ ಕಾರ್ಡ್’ನಲ್ಲಿ ಅವಳದು ಪಾಸಿಟಿವ್ ಎಂದು ಬರೆದಿದ್ದರೆ ಆ ಇಂಜೆಕ್ಷನ್ನಿನ ನೆನಪು ಯಾರಿಗೂ ಬರುವುದಿಲ್ಲ.

ಮಾಲೀಕರು ಇನ್ನೂ ಬಂದಿರಲಿಲ್ಲ. ಟೀಚರಿಗೆ ಹೊಸ ಚೀಟಿ ಕೊಟ್ಟು ರಿಜಿಸ್ಟರ್ ಮುಚ್ಚಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆ ಯೋಚನೆ ನನಗೆ ಬಂದಿತು, ಇಲ್ಲವೆಂದರೆ ಸುಳ್ಳಾಗುತ್ತದೆ. ಮಂಚದ ಮೇಲಿದ್ದ ಗಂಡನ ಮುಖ ಕಣ್ಣ ಮುಂದೆ ಬಂತು. ಈ ಕೆಲಸ ಹೋದರೆ ಇನ್ನೆಲ್ಲಿ ಎಂದು ಭಯವಾಯಿತು. ನಲ್ಲಿಯ ಹತ್ತಿರ ಹೋಗಿ ನಿಂತೆ. ಆ ಸಂತೆಯ ದಿನವೂ ನಾನು ಇಲ್ಲೇ ನಿಂತು ಕೈಗಳನ್ನು ನಡೆಸು ಎಂದು ಬೇಡಿಕೊಂಡಿದ್ದೆ. ಆದರೂ ತಪ್ಪಾಗಿತ್ತು. ಈಗ ಏನು ಬೇಡುವುದು ಎಂದೇ ತಿಳಿಯಲಿಲ್ಲ. ಮುಚ್ಚಿಟ್ಟುಕೊಂಡು ಮರುದಿನ ಇದೇ ನಲ್ಲಿಯ ಮುಂದೆ ಅದೇ ಮಾತು ಹೇಳುವುದು ನನ್ನಿಂದಾಗದು ಎಂಬುದು ಮಾತ್ರ ಖಚಿತವಾಯಿತು.

ಮಾಲೀಕರು ಬಂದ ಕೂಡಲೇ, ಅವರು ಊದುಬತ್ತಿ ಹಚ್ಚುವ ಮೊದಲೇ ಹೇಳಿಬಿಟ್ಟೆ. ಅವರು ಎರಡೂ ಸಾಲುಗಳನ್ನು ಬೆರಳಿಟ್ಟು ಓದಿದರು. ಇದು ಇನ್ಯಾರಿಗಾದರೂ ಗೊತ್ತೇ ಎಂದು ಕೇಳಿದರು. ಇಲ್ಲ ಎಂದೆ. ಹಾಗಾದರೆ ಸುಮ್ಮನಿರಿ ಎನ್ನುತ್ತಾರೇನೋ ಎಂದು ಒಂದು ಕ್ಷಣ ಕಾದೆ. ಎನ್ನಲಿ ಎಂಬ ಆಸೆಯೂ ಇತ್ತೋ ಏನೋ.

"ಮೊದ್ಲು ಆ ಹೆಣ್ಮಗಳು ಎಲ್ಲಿ ಐತೆ ನೋಡ್ರಿ" ಎಂದರು. "ನಿಮ್ ಕೆಲ್ಸದ ಮಾತು ಆಮೇಲೆ ಆಡಾಣ."

ರಿಜಿಸ್ಟರಿನಲ್ಲಿದ್ದ ಫೋನ್ ನಂಬರು ಹತ್ತಲಿಲ್ಲ. ಶ್ರೀರಾಂಪುರದ ಬಸ್ಸು ಹತ್ತಿ ಇಳಿದು, ಬಿಸಿಲಲ್ಲಿ ಎರಡು ಮೈಲಿ ನಡೆದೆ. ಮನೆಯಲ್ಲಿ ಅತ್ತೆಯೊಬ್ಬಳೇ ಇದ್ದಳು, ಹಟ್ಟಿ ಗುಡಿಸುತ್ತಿದ್ದಳು. ಸೊಸೆ ಬಾಣಂತನಕ್ಕೆಂದು ತವರಿಗೆ, ಹಿರಿಯೂರಿನ ಹತ್ತಿರದ ಬಬ್ಬೂರಿಗೆ ಹೋಗಿದ್ದಾಳೆ, ಮಗ ಕುರಿ ಹೊಡೆದುಕೊಂಡು ಆ ಕಡೆಗೇ ಹೋಗಿದ್ದಾನೆ ಎಂದಳು. ವಿಷಯ ತಿಳಿಸಿದಾಗ ಅವಳಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ಕುಡಿಯಲು ಮಜ್ಜಿಗೆ ಕೊಟ್ಟಳು. ಹೊಸದುರ್ಗಕ್ಕೆ ವಾಪಸು ಬರುವಷ್ಟರಲ್ಲಿ ಸಂಜೆಯಾಗಿತ್ತು. ಗಂಡನಿಗೆ ಎಲ್ಲ ಹೇಳಿದೆ. ಬೆಳಿಗ್ಗೆ ನನ್ನ ಚಾಕರಿಯೆಂದು ಹೊತ್ತು ಕಳೆಯಬೇಡ, ಮೊದಲನೇ ಬಸ್ಸಿಗೇ ಹೋಗು ಎಂದರು ಅವರು.

ಮರುದಿನ ಹಿರಿಯೂರಿಗೆ ಹೋಗಿ ಅಲ್ಲಿಂದ ಆಟೋದಲ್ಲಿ ಬಬ್ಬೂರು ತಲುಪಿದಾಗ ಅವಳ ತವರುಮನೆಗೆ ಬೀಗ ಹಾಕಿತ್ತು. ಕೃಷಿ ಸಂಶೋಧನಾ ಕೇಂದ್ರಕ್ಕೆ ಕೂಲಿಗೆ ಹೊರಟಿದ್ದ ಪಕ್ಕದ ಮನೆಯಾಕೆ, ನಿನ್ನೆ ಬೆಳಗ್ಗೆಯೇ ಹೆರಿಗೆಯಾಯಿತು, ಎಲ್ಲರೂ ಹಿರಿಯೂರಿನ ನರ್ಸಿಂಗ್ ಹೋಮಿನಲ್ಲಿದ್ದಾರೆ ಎಂದಳು. ನಿನ್ನೆ ಬೆಳಗ್ಗೆ. ಅಂದರೆ ಇನ್ನೂ ಎರಡು ದಿನ ಕೈಯಲ್ಲಿದೆ. ಬಂದ ಆಟೋದಲ್ಲೇ ತಿರುಗಿ ಹೊರಟೆ.

ನರ್ಸಿಂಗ್ ಹೋಮಿನ ಡಾಕ್ಟರಮ್ಮನಿಗೆ ನಡೆದದ್ದನ್ನು ಹೇಳಿದೆ. ಅವರು ನನ್ನನ್ನು ಬೈಯಲಿಲ್ಲ, ಹೊತ್ತೂ ಕಳೆಯಲಿಲ್ಲ. ತಾಯಿಯದೂ ಕೂಸಿನದೂ ರಕ್ತ ತೆಗೆಸಿದರು. ತಾಯಿ ನೆಗೆಟಿವ್, ಕೂಸು ಪಾಸಿಟಿವ್. ಇಂಜೆಕ್ಷನ್ ಮಾತ್ರ ಅವರಲ್ಲಿರಲಿಲ್ಲ, ಹಿರಿಯೂರಿನ ಮೆಡಿಕಲ್ ಅಂಗಡಿಗಳಲ್ಲೂ ಸಿಗಲಿಲ್ಲ. ನಾನು ಮಾಲೀಕರಿಗೆ ಫೋನ್ ಮಾಡಿದೆ. ಚಿತ್ರದುರ್ಗದಲ್ಲಿ ವಿಚಾರಿಸುತ್ತೇನೆ ಎಂದು ಇಟ್ಟುಬಿಟ್ಟರು.

ಆಮೇಲೆ ಆ ಮನೆಯವರ ಮುಂದೆ ನಿಲ್ಲಬೇಕಾಯಿತು. ಬಾಣಂತಿ ಮಲಗಿದ್ದಳು. ಪಕ್ಕದಲ್ಲಿ ಅವಳ ತಾಯಿ, ಬಾಗಿಲ ಬಳಿ ಹೆಗಲಿಗೆ ಕಂಬಳಿ ಹಾಕಿಕೊಂಡ ಅವಳ ಗಂಡ. ತಪ್ಪು ನನ್ನದು ಎಂದು ಮೊದಲೇ ಹೇಳಿ, ಉಳಿದದ್ದನ್ನು ಆದಷ್ಟು ಸರಳವಾಗಿ ತಿಳಿಸಿದೆ. ಗಂಡ ನನ್ನ ಮುಖವನ್ನೇ ನೋಡುತ್ತಿದ್ದ.

"ಅವ್ಳು ಜೀವ ಕೈಯಾಗೆ ಹಿಡ್ಕಂಡು ಹೆತ್ತವ್ಳೆ" ಎಂದ. "ನಿಮಗೆ ಅದು ಎಲ್ಡು ಚೀಟಿ ಅಷ್ಟೇನಾ?"

ಸಂತೆಯ ದಿನ ಜನ ಹೆಚ್ಚಿದ್ದರು, ನನ್ನ ಗಂಡನಿಗೆ ಹುಷಾರಿಲ್ಲ ಎಂಬ ಮಾತುಗಳೆಲ್ಲ ನಾಲಿಗೆಯ ತನಕ ಬಂದವು. ನುಂಗಿಕೊಂಡೆ. ಅವನು ಹೇಳಿದ್ದು ನಿಜವಾಗಿತ್ತು. ಬಾಣಂತಿಯ ತಾಯಿಯೇ ಕೊನೆಗೆ ಬೆಂಚಿನ ಮೇಲಿದ್ದ ಬಟ್ಟೆಗಂಟನ್ನು ಪಕ್ಕಕ್ಕೆ ಸರಿಸಿದಳು.

"ಮುಚ್ಚಿಟ್ಟಿದ್ರೆ ನಮಗೆ ಎಲ್ಲಿ ತಿಳೀತಿತ್ತವ್ವ" ಎಂದಳು. "ಬರ್ರಿ, ಕುಂತ್ಕಳ್ರಿ."

ಕೂತೆ. ಎದ್ದು ಹೋಗುವಂತಿರಲಿಲ್ಲ. ಕಣ್ಣು ತೆರೆದೇ ಪ್ರಾರ್ಥಿಸಿದೆ, ನನ್ನ ಕೆಲಸಕ್ಕಾಗಿ ಅಲ್ಲ, ಇಂಜೆಕ್ಷನ್ನಿಗಾಗಿ. ಒಂದು ಗಂಟೆಯಾಯಿತು, ಎರಡಾಯಿತು. ಬಸ್ಸಿನವರ ಕೈಯಲ್ಲಿ ಕಳಿಸಿದರೆ ತಣ್ಣಗೆ ಇಡುತ್ತಾರೋ ಇಲ್ಲವೋ ಎಂಬ ಚಿಂತೆ ಬೇರೆ. ಮೂರು ಗಂಟೆಯ ಸುಮಾರಿಗೆ ಬಾಗಿಲಲ್ಲಿ ಕಂಡವರು ನಮ್ಮ ಮಾಲೀಕರೇ. ಲ್ಯಾಬಿಗೆ ಬೀಗ ಹಾಕಿ, ತಾವೇ ಚಿತ್ರದುರ್ಗಕ್ಕೆ ಹೋಗಿ, ಐಸ್ ತುಂಬಿದ ಡಬ್ಬಿಯಲ್ಲಿ ಇಂಜೆಕ್ಷನ್ ಇಟ್ಟು, ಅದನ್ನು ಬಸ್ಸಿನಲ್ಲಿ ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡು ತಂದಿದ್ದರು. ಬೆವರಿಗೆ ವಿಭೂತಿ ಅರ್ಧ ಅಳಿಸಿಹೋಗಿತ್ತು.

ಡಾಕ್ಟರಮ್ಮ ಇಂಜೆಕ್ಷನ್ ಚುಚ್ಚಿ, ಇನ್ನು ಭಯವಿಲ್ಲ, ಮುಂದಿನ ಬಸುರಿನಲ್ಲಿ ಮೊದಲೇ ಬಂದು ತೋರಿಸಿ ಎಂದು ಹೇಳಿ ಕಾರ್ಡಿನಲ್ಲಿ ತಿದ್ದಿ ಬರೆದರು. ನಾನು ಹೊರಗೆ ಬಂದು ಗೋಡೆಗೆ ಒರಗಿ ನಿಂತೆ. ಎರಡು ದಿನದಿಂದ ಬಿಗಿಹಿಡಿದಿದ್ದ ಉಸಿರೆಲ್ಲ ಒಮ್ಮೆಗೇ ಹೊರಬಂದ ಹಾಗಾಯಿತು. ಅಳು ಬಂತು, ಅಳುತ್ತಲೇ ಹಸಿವೂ ಆಯಿತು. ಬಾಣಂತಿಯ ಗಂಡ ಹೊರಬಂದವನು ನನ್ನನ್ನು ನೋಡಿ ರಸ್ತೆ ದಾಟಿದ. ಸ್ವಲ್ಪ ಹೊತ್ತಿಗೆ ಎದುರಿನ ಅಂಗಡಿಯಿಂದ ಎರಡು ಟೀ ತಂದು, ಒಂದನ್ನು ಮಾಲೀಕರಿಗೂ ಒಂದನ್ನು ನನಗೂ ಕೊಟ್ಟು ಒಳಗೆ ಹೋದ.

ಹೊಸದುರ್ಗದ ಬಸ್ಸಿನಲ್ಲಿ ಮಾಲೀಕರು ನನ್ನ ಹಿಂದಿನ ಸೀಟಿನಲ್ಲಿ ಕೂತಿದ್ದರು. ಕೆಲಸದ ಮಾತು ಈಗ ಬರುತ್ತದೆ ಎಂದು ಕಾದಿದ್ದೆ. ವಾಣಿವಿಲಾಸ ಸಾಗರದ ಕಡೆಯ ಗುಡ್ಡಗಳು ಕಾಣುವ ಹೊತ್ತಿಗೆ ಮುಂದಕ್ಕೆ ಬಾಗಿ, ನಾಳೆ ಸ್ವಲ್ಪ ಬೇಗ ಬರ್ರಿ, ಇವತ್ತು ವಾಪಸು ಹೋದವರೆಲ್ಲ ನಾಳೆ ಬರ್ತಾರೆ ಎಂದರು. ಇನ್ನು ಮುಂದೆ ಕೊಳವೆಯ ಮೇಲೆ ಹೆಸರಿನ ಜತೆ ವಯಸ್ಸು, ಊರು ಎಲ್ಲ ಬರೆಯಬೇಕು, ಚೀಟಿ ಕೊಡುವ ಮೊದಲು ಇಬ್ಬರೂ ನೋಡಬೇಕು ಎಂದೂ ಹೇಳಿದರು. ಅಷ್ಟೇ. ಮುಖ ತಿರುಗಿಸಿ ಕಿಟಕಿಯ ಆಚೆ ನೋಡುತ್ತಾ ದೇವರಿಗೆ ಸ್ತೋತ್ರ ಹೇಳಿದೆ. ಆಮೇಲೆ ಊರು ಬರುವ ತನಕ ನಿದ್ದೆ ಮಾಡಿದೆ.

ಆ ಭಾನುವಾರ ಸಭೆಯಲ್ಲಿ ಸಾಕ್ಷಿ ಹೇಳುವವರಿದ್ದರೆ ಬನ್ನಿ ಎಂದು ಪಾಸ್ಟರ್ ಕರೆದಾಗ ಎದ್ದು ನಿಂತೆ. ಸಾಮಾನ್ಯವಾಗಿ ಅಲ್ಲಿ ಕಾಯಿಲೆ ವಾಸಿಯಾದದ್ದು, ಮಕ್ಕಳು ಪಾಸಾದದ್ದು ಹೇಳುತ್ತೇವೆ. ನಾನು ಮಾಡಿದ ತಪ್ಪನ್ನು ಹೇಳಿದೆ. ಅದನ್ನು ಮುಚ್ಚಿಡಲು ಮನಸ್ಸಾದದ್ದನ್ನೂ ಬಿಡಲಿಲ್ಲ. ಊದುಬತ್ತಿ ಬೆಳಗುವ ಮನುಷ್ಯ ಐಸ್ ಡಬ್ಬಿ ಹೊತ್ತು ಬಂದದ್ದನ್ನೂ ಹೇಳಿದೆ. ಮುಂದಿನ ಸಾಲಿನಲ್ಲಿ ಕೂತಿದ್ದ ಅಜ್ಜಿಯೊಬ್ಬರು, ಅದಿರಲಿ, ಕೂಸು ಗಂಡೋ ಹೆಣ್ಣೋ ಎಂದು ಕೇಳಿದರು.

ಗೊತ್ತಿಲ್ಲ ಅಜ್ಜಿ ಎಂದೆ. ಕೂಸಿನ ರಕ್ತದ ಗುಂಪು ನನಗೆ ಗೊತ್ತಿತ್ತು, ಗಂಡೋ ಹೆಣ್ಣೋ ಕೇಳಿಯೇ ಇರಲಿಲ್ಲ. ಸಭೆಯೆಲ್ಲ ನಕ್ಕಿತು. ನಾನೂ ನಕ್ಕೆ, ಎಷ್ಟೋ ತಿಂಗಳ ಮೇಲೆ.